ಹದಿನೇಳನೆಯ ಪ್ರಶ್ನೆ

ತೀರ್ಪುಗಾರರ ಪರೀಕ್ಷೆಯ ಹದಿನೇಳನೆಯ ಪ್ರಶ್ನೆ ಕಂಪ್ಯೂಟರಿನ ತೆರೆಯ ಮೇಲೆ ಬಂದಾಗ ಹೆರ್ನಾನಿಗೆ ನಗು ಬಂತು. ಉಳಿದವಕ್ಕೆಲ್ಲ ತಲೆ ಓಡಿಸಬೇಕಾಗಿತ್ತು, ಇದಕ್ಕೆ ಅದೂ ಬೇಡ. ಒಬ್ಬ ಆಟಗಾರನ ಬಳಿ ದ್ವಾರಪಾಲಕನ ಕಾರ್ಡು, ಎದುರಾಳಿಯ ಬಳಿ ಅಂಬಿಗನ ಕಾರ್ಡು, ಆಟ ಮುಂದೆ ಹೋಗದೆ ನಿಂತಲ್ಲೇ ಸುತ್ತುತ್ತಿದೆ, ಯಾರು ನಿಲ್ಲಿಸಬೇಕು? ಆರು ವರ್ಷದ ಹಿಂದೆ ಇದೇ ಬಾಕೊಲೊದ್ ಊರಿನಲ್ಲಿ, ಇದೇ ಕಾರ್ಡಾಟದ ಅಂಗಡಿಯ ಕೆಳಗಿನ ಹಾಲಿನಲ್ಲಿ, ನೂರು ಜನರ ಎದುರು ಅವನು ಇದಕ್ಕೆ ತೀರ್ಪು ಕೊಟ್ಟಿದ್ದ. ದ್ವಾರಪಾಲಕನ ಒಡೆಯ ಎಂಬ ಉತ್ತರವನ್ನು ಒತ್ತಿ ಮುಂದಕ್ಕೆ ಹೋದ.

ಈ ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಎದುರಾಳಿ ಮೇಜಿಗೆ ಇಳಿಸಿದ ಸೈನಿಕನನ್ನು ದ್ವಾರಪಾಲಕ ಹೊಸ್ತಿಲಲ್ಲೇ ತಡೆದು ಎದುರಾಳಿಯ ಕೈಗೇ ವಾಪಸು ಅಟ್ಟುತ್ತಾನೆ. ಹಾಗೆ ವಾಪಸಾದವನನ್ನು, ಬೇಕೆನಿಸಿದರೆ, ಅಂಬಿಗ ಮತ್ತೆ ಮೇಜಿಗೆ ತಂದಿಳಿಸಬಹುದು. ಇಳಿಸಿದ ಕೂಡಲೇ ದ್ವಾರಪಾಲಕ ಮತ್ತೆ ಅಟ್ಟುತ್ತಾನೆ. ಹೀಗೇ ನಡೆದರೆ ಈ ಆಟಕ್ಕೆ ಕೊನೆಯೇ ಇಲ್ಲ. ಆಗ ತೀರ್ಪುಗಾರ ಬಂದು ಒಬ್ಬರಿಗೆ ನಿಲ್ಲಿಸು ಅನ್ನಬೇಕು, ಅವರು ಹೆಚ್ಚುಕಮ್ಮಿ ಸೋತಂತೆಯೇ.

ಇಪ್ಪತ್ತೈದರಲ್ಲಿ ಇಪ್ಪತ್ತನಾಲ್ಕು ಸರಿಯಾಗಿದ್ದವು. ಹಗಲೆಲ್ಲ ಬಸ್ ನಿಲ್ದಾಣದಲ್ಲಿ ಕೂತು ಬಂದ ಬಸ್ಸು ಹೋದ ಬಸ್ಸಿನ ವೇಳೆ ಬರೆದುಕೊಳ್ಳುವ ಹೆರ್ನಾನಿ, ನಲವತ್ತೊಂದನೆಯ ವಯಸ್ಸಿನಲ್ಲಿ ಎರಡನೆಯ ದರ್ಜೆಯ ತೀರ್ಪುಗಾರನಾಗಿದ್ದ. ಇನ್ನು ಮನಿಲಾದಲ್ಲೂ ಅವನನ್ನು ಪಂದ್ಯಕ್ಕೆ ಕರೆಯುತ್ತಾರೆ. ತಪ್ಪಾದದ್ದು ಯಾವುದೆಂದು ನೋಡುವ ಚಪಲಕ್ಕೆ ಒತ್ತಿದ. ಹದಿನೇಳನೆಯದು. ಕೆಳಗೆ ಕಾರಣ ಕೊಟ್ಟಿದ್ದರು: ದ್ವಾರಪಾಲಕ ತಡೆಯುವುದು ಕಡ್ಡಾಯ, ಅವನ ಒಡೆಯ ಬೇಡವೆಂದರೂ ತಡೆಯುತ್ತಾನೆ. ಅಂಬಿಗ ಇಳಿಸುವುದು ಒಡೆಯನ ಇಷ್ಟ. ಬಿಡುವ ಅವಕಾಶ ಇರುವವನೇ ಬಿಡಬೇಕು.

ನಿಯಮ ಇತ್ತೀಚೆಗೆ ಬದಲಾಗಿರಬಹುದು ಎಂದುಕೊಂಡು ಚೀಲದಿಂದ ಹಳೆಯ ಪುಸ್ತಕ ತೆಗೆದ. ಪ್ಲಾಸ್ಟಿಕ್ ಹೊದಿಕೆ ಹಾಕಿ ಜೋಪಾನ ಮಾಡಿದ, ಏಳು ವರ್ಷದ ಹಿಂದಿನ ಪುಸ್ತಕ. ತೊಂಬತ್ತನಾಲ್ಕನೆಯ ಪುಟದಲ್ಲಿ ಅದೇ ಮಾತು ಇತ್ತು. ಅದರ ಮೇಲಿನ ನಿಯಮಕ್ಕೆ ಅವನೇ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ. ಇದನ್ನು ಮಾತ್ರ ಓದಿರಲಿಲ್ಲ, ಅಥವಾ ಓದಿ ದಾಟಿದ್ದ. ಆಟ ಸುತ್ತಲು ಶುರುವಾಗಿದ್ದು ದ್ವಾರಪಾಲಕನಿಂದ, ಆದ್ದರಿಂದ ಅವನನ್ನೇ ತೆಗೆಯಬೇಕು ಎಂದು ಆವತ್ತು ತೋಚಿದ್ದನ್ನು ಹೇಳಿಬಿಟ್ಟಿದ್ದ. ಎಷ್ಟು ಗಟ್ಟಿಯಾಗಿ ಹೇಳಿದ್ದನೆಂದರೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಕೆಳಗೆ ಅಂಗಡಿಯ ಒಡತಿ ಪಾಸಿಂಗ್ ಅಕ್ಕ ಬಾಣಲೆ ತುಂಬ ಶಾವಿಗೆ ಮಾಡಿಸಿ ತಂದಿಟ್ಟಿದ್ದಳು. ಹುಡುಗರು ಬೆನ್ನು ತಟ್ಟಿದರು. ಆ ಒಂದು ಯಾವುದು ತಪ್ಪಾಯಿತು, ದೇವರು ದೃಷ್ಟಿ ಬೊಟ್ಟು ಇಟ್ಟನಾ ಎಂದು ಗೇಲಿ ಮಾಡಿದರು. ಯಾವುದೋ ಒಂದು ಎಂದು ಹೆರ್ನಾನಿ ತಟ್ಟೆ ಹಿಡಿದು ಗೋಡೆಗೆ ಬೆನ್ನು ಹಾಕಿ ಕೂತ. ಆ ಗೋಡೆಯ ಮೇಲೆ ಆರು ವರ್ಷದ ಹಿಂದಿನ ಫೋಟೋ ಇತ್ತು, ಅದನ್ನು ನೋಡುವುದು ಅವನಿಗೆ ಬೇಡವಾಗಿತ್ತು.

ಅದು ಯೊಕೊಹಾಮಾದ ದೊಡ್ಡ ಪಂದ್ಯಕ್ಕೆ ಹೋಗುವ ಆಟಗಾರನನ್ನು ಆರಿಸುವ ಕೊನೆಯ ಪಂದ್ಯದ ಫೋಟೋ. ಒಂದು ಕಡೆ ಇಲೊಯ್ಲೊದಿಂದ ಬಂದ ಎದುರಾಳಿ ನಗುತ್ತಿದ್ದಾನೆ. ನಡುವೆ ಹೆರ್ನಾನಿ ಬಗ್ಗಿ, ದ್ವಾರಪಾಲಕನ ಮೇಲೆ ಬೆರಳಿಟ್ಟು ತೀರ್ಪು ಹೇಳುತ್ತಿದ್ದಾನೆ. ಈಚೆ ದ್ವಾರಪಾಲಕನ ಒಡೆಯ, ಇದೇ ಊರಿನ ರೊದೆಲ್, ಆಗ ಹತ್ತೊಂಬತ್ತು ವರ್ಷ, ಕಿವಿಯ ಹತ್ತಿರ ಕೈ ಒಯ್ದು ತಲೆ ಕೆರೆದುಕೊಳ್ಳುತ್ತಿದ್ದಾನೆ. ಈ ಫೋಟೋದಿಂದಲೇ ಅವನಿಗೆ ತಲೆಕೆರೆಯಪ್ಪ ಎಂಬ ಹೆಸರು ಬಿತ್ತು. ತನ್ನ ಕಾರ್ಡು ಏನು ಮಾಡುತ್ತದೆಂದು ತಾನೇ ಓದದೆ ಕೊನೆಯ ಪಂದ್ಯದವರೆಗೆ ಬಂದವನು ಎಂದು ಊರೆಲ್ಲ ನಕ್ಕಿತು. ಎರಡು ವಾರ ಆ ಹೆಸರನ್ನು ಸಹಿಸಿದ ರೊದೆಲ್ ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಅವನಿಗೆ ಆಟ ಕಲಿಸಿದವನು ಹೆರ್ನಾನಿಯೇ. ಹನ್ನೆರಡು ವರ್ಷದವನಿದ್ದಾಗಿನಿಂದ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದ. ಇಷ್ಟಾದರೂ, ಹೇಳಲು ನಾಚಿಕೆಯಾಗಬೇಕಾದ ಸಂಗತಿಯೆಂದರೆ, ಈ ಆರು ವರ್ಷ ಪ್ರತಿ ಶನಿವಾರ ಹೊಸಬರ ಪಾಠದಲ್ಲಿ ಹೆರ್ನಾನಿ ಆ ಫೋಟೋ ತೋರಿಸಿ ಅದೇ ಕತೆ ಹೇಳುತ್ತಿದ್ದ. ಕಾರ್ಡು ಓದಿ, ಇಲ್ಲದಿದ್ದರೆ ಹೀಗಾಗುತ್ತೀರಿ ಎನ್ನುತ್ತಿದ್ದ. ಹೊಸಬರು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ.

ಎರಡು ದಿನ ಅವನಿಗೆ ಬಸ್ಸುಗಳ ವೇಳೆ ಬರೆಯುವುದರಲ್ಲೂ ತಪ್ಪಾಯಿತು. ಮಂಗಳವಾರ ಮಧ್ಯಾಹ್ನ ರಜೆ ಹಾಕಿ ಮಾರ್ಕೆಟ್ಟಿನ ಹಿಂದಿನ ಓಣಿಗೆ ಹೋದ. ರೊದೆಲ್ ಅಲ್ಲಿ ಪಿಯಾಯ ಎಂಬ ಸಿಹಿ ರೊಟ್ಟಿ ಬೇಯಿಸುವ ಕೆಲಸದಲ್ಲಿದ್ದಾನೆಂದು ಅವನಿಗೆ ಮೊದಲಿನಿಂದ ಗೊತ್ತಿತ್ತು. ಈ ಆರು ವರ್ಷ ಆ ಓಣಿಯನ್ನು ತಪ್ಪಿಸಿ ನಡೆಯುತ್ತಿದ್ದದ್ದು ಯಾಕೆಂದು ಅವನು ತನ್ನನ್ನು ಕೇಳಿಕೊಂಡಿರಲಿಲ್ಲ.

ಉದ್ದನೆಯ ಕಾವಲಿಯ ಎದುರು ರೊದೆಲ್ ನಿಂತಿದ್ದ. ಬೆಲ್ಲದ ಹೂರಣ ತುಂಬಿ ಲಟ್ಟಿಸಿದ ಹಾಳೆಗಳನ್ನು ಸಾಲಾಗಿ ಹಾಕಿ ಒಂದೊಂದನ್ನೇ ಮಗುಚುತ್ತಿದ್ದ. ಮೈ ಸ್ವಲ್ಪ ತುಂಬಿಕೊಂಡಿತ್ತು, ಮೊಣಕೈಯವರೆಗೆ ಹಿಟ್ಟು. ನೋಡಿದವನೇ ಏನೂ ಆಗಿಲ್ಲವೆಂಬಂತೆ ಮಾತಾಡಿಸಿದ.

"ಬನ್ನಿ ಅಣ್ಣ. ಆ ಕಡೆ ಹಿಟ್ಟಿದೆ, ಈ ಕಡೆ ಕೂತ್ಕೊಳ್ಳಿ."

ಹೆರ್ನಾನಿ ಕೂರಲಿಲ್ಲ. ಜೀಪ್ನಿ ಗಾಡಿಯಲ್ಲಿ ಬರುವಾಗ ಜೋಡಿಸಿಕೊಂಡಿದ್ದ ಮಾತೆಲ್ಲ ಹಾರಿಹೋಗಿತ್ತು. ಪರೀಕ್ಷೆ ಬರೆದದ್ದು, ಹದಿನೇಳನೆಯ ಪ್ರಶ್ನೆ ಬಂದದ್ದು, ತನ್ನ ಉತ್ತರ ತಪ್ಪೆಂದು ತಿಳಿದದ್ದು, ಅಷ್ಟನ್ನೇ ಒಂದೇ ಉಸಿರಿಗೆ ಹೇಳಿದ. ನಿಲ್ಲಿಸಬೇಕಾಗಿದ್ದವನು ನೀನಲ್ಲ, ಇಲೊಯ್ಲೊದವನು. ಯೊಕೊಹಾಮಾಕ್ಕೆ ನೀನು ಹೋಗಬೇಕಾಗಿತ್ತು ಎಂದ. ಹಳೆಯ ಪುಸ್ತಕದಲ್ಲೂ ಹಾಗೇ ಇತ್ತು ಎನ್ನುತ್ತ ಚೀಲಕ್ಕೆ ಕೈ ಹಾಕಿದ.

"ತೊಂಬತ್ನಾಲ್ಕನೇ ಪುಟ," ಎಂದ ರೊದೆಲ್, ಕಾವಲಿಯಿಂದ ಕಣ್ಣೆತ್ತದೆ.

ಹೆರ್ನಾನಿಯ ಕೈ ಚೀಲದಲ್ಲೇ ಉಳಿಯಿತು. "ನಿಂಗೆ ಗೊತ್ತಿತ್ತಾ?"

"ಆ ಕಾರ್ಡ್ ನಂಬ್ಕೊಂಡು ಆಡ್ದೋನು ಅಣ್ಣ ನಾನು. ಗೊತ್ತಿರಲ್ವಾ?"

ಹಾಗಿದ್ದರೆ ಮುಖ್ಯ ತೀರ್ಪುಗಾರರನ್ನು ಯಾಕೆ ಕರೆಯಲಿಲ್ಲ ಎಂದು ಹೆರ್ನಾನಿ ಕೇಳಿದ. ಅವರು ಮನಿಲಾದಿಂದಲೇ ಬಂದಿದ್ದರು, ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತಿದ್ದರು. ಕರೆದಿದ್ದರೆ ಒಂದು ನಿಮಿಷದಲ್ಲಿ ಸರಿಯಾಗುತ್ತಿತ್ತು. ರೊದೆಲ್ ಒಂದು ಸಾಲು ಪೂರ್ತಿ ಮಗುಚಿ ಆಮೇಲೆ ಮಾತಾಡಿದ.

"ಕರೆಯೋಣ ಅಂತ ಕೈ ಎತ್ದೆ. ನಿಮ್ಮ ಮುಖ ನೋಡ್ದೆ. ನೂರು ಜನ ಇದ್ರು. ಇವ್ರಿಗೆ ನಿಯಮ ಗೊತ್ತಿಲ್ಲ ಅಂತ ಅಷ್ಟು ಜನರೆದುರು ನಾನು ಹೇಳೋದಾ? ಆಟ ಕಲಿಸ್ದೋರು ನೀವು. ಕೈ ಇಳಿಸ್ದೆ."

ಕಾವಲಿಯ ಹೊಗೆಗೆ ಹೆರ್ನಾನಿಯ ಕಣ್ಣು ಉರಿಯುತ್ತಿತ್ತು. ರೊದೆಲ್ ಕೋಪದಲ್ಲಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವನ ದನಿಯಲ್ಲಿ ಕೋಪ ಇರಲಿಲ್ಲ.

"ಯಾವ ತೀರ್ಪು ಕೊಟ್ರೂ ರಾತ್ರಿ ಮನೇಲಿ ಪುಸ್ತಕ ತೆಗೆದು ನೋಡ್ತೀನಿ ಅಂತ ನೀವು ಹೇಳ್ತಿದ್ರಲ್ಲ. ಅದನ್ನ ನಂಬಿದ್ದೆ. ನಾಳೆ ಬರ್ತಾರೆ, ನಾಳಿದ್ದು ಬರ್ತಾರೆ ಅಂತ ಕಾದೆ. ಅಂಗಡೀಲಿ ಎಲ್ರೂ ತಲೆಕೆರೆಯಪ್ಪ ಅನ್ನೋವಾಗ್ಲೂ, ಇರ್ಲಿ, ಅಣ್ಣ ಬಂದು ಹೇಳ್ತಾರೆ ಅಂದ್ಕೊಂಡೆ. ವರ್ಷಗಟ್ಲೆ ಕಾದೆ ಅಂತಿಟ್ಕೊಳ್ಳಿ. ಮೊನ್ನೆ ಮೊನ್ನೆ ನನ್ನ ಹೆಂಡ್ತಿ ತಮ್ಮ ನಿಮ್ಮ ಪಾಠಕ್ಕೆ ಬಂದಿದ್ದ. ಮನೆಗೆ ಬಂದು ಊಟಕ್ಕೆ ಕೂತಾಗ ಆ ಕತೆ ಹೇಳಿ ನಕ್ಕ. ಅದು ನಾನೇ ಅಂತ ಪಾಪ ಅವ್ನಿಗೇನು ಗೊತ್ತು. ಆವತ್ತು ಕಾಯೋದು ಬಿಟ್ಟೆ."

ಮನಿಲಾಕ್ಕೆ ಪತ್ರ ಬರೆಯುತ್ತೇನೆ, ತಪ್ಪು ನನ್ನದೆಂದು ಒಪ್ಪಿಕೊಳ್ಳುತ್ತೇನೆ ಎಂದು ಹೆರ್ನಾನಿ ತೊದಲಿದ. ರೊದೆಲ್ ಬೇಡವೆಂಬಂತೆ ತಲೆಯಾಡಿಸಿದ. "ಪಂದ್ಯದ ಚೀಟಿಗೆ ಆವತ್ತೇ ನಾನು ಸಹಿ ಹಾಕಿದ್ದೀನಿ. ಸಹಿ ಬಿದ್ಮೇಲೆ ತೀರ್ಪುಗಾರನ ತಪ್ಪಾದ್ರೂ ಫಲಿತಾಂಶ ತಿದ್ದೋ ಹಾಗಿಲ್ಲ. ಅದನ್ನೂ ನೀವೇ ಕಲಿಸಿದ್ದು."

ಹೊರಡುವಾಗ ಕಾಗದದಲ್ಲಿ ನಾಲ್ಕು ಪಿಯಾಯ ಸುತ್ತಿಕೊಟ್ಟ, ಬಿಸಿ ಇರುವಾಗಲೇ ತಿನ್ನಿ ಎಂದ. ಮತ್ತೆ ಬನ್ನಿ ಎಂದು ಮಾತ್ರ ಹೇಳಲಿಲ್ಲ. ಹೆರ್ನಾನಿ ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಮನೆಯವರೆಗೆ ಬಂದ. ತಿನ್ನಲು ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ಪಾಸಿಂಗ್ ಅಕ್ಕನಿಗೆ ಮಾತ್ರ ವಿಷಯ ತಿಳಿಸಿದ. ಅವಳು ಬೆವರೊರೆಸಿಕೊಳ್ಳುತ್ತ ಕೇಳಿ, ಆಗಿದ್ದು ಆಗಿಹೋಯಿತು, ಆ ಹುಡುಗನೇ ಸುಮ್ಮನಿರುವಾಗ ನೀನೇಕೆ ಕೆದಕುತ್ತೀಯ ಎಂದಳು. ನಿನ್ನ ಮಾತಿಗೆ ಈ ಅಂಗಡಿಯಲ್ಲಿ ಎರಡು ಮಾತಿಲ್ಲ, ಅದನ್ನು ಕಳಕೊಂಡರೆ ಇನ್ನು ಪ್ರತಿ ತೀರ್ಪಿಗೂ ಜಗಳ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಇಲ್ಲಿ ಮಾತ್ರ.

ಶನಿವಾರ ಹನ್ನೆರಡು ಜನ ಹೊಸಬರು ಬಂದರು. ಹೆರ್ನಾನಿಯ ಮೊದಲ ಪಾಠ ಯಾವಾಗಲೂ ಒಂದೇ: ಅನುಮಾನ ಬಂದಾಗ ಕೈ ಎತ್ತುವುದು ಹೇಗೆ. ಅರೆಬರೆ ಎತ್ತಿದರೆ ತೀರ್ಪುಗಾರನಿಗೆ ಕಾಣುವುದಿಲ್ಲ. ಬೆರಳು ಕೂಡಿಸಬೇಕು, ಅಂಗೈ ಎದುರಿಗೆ ಕಾಣಬೇಕು. ಅದನ್ನು ಶುರುಮಾಡುವ ಮೊದಲೇ ಮುಂದಿನ ಸಾಲಿನ ಹುಡುಗಿಯೊಬ್ಬಳು ಗೋಡೆಯ ಕಡೆ ಕೈ ತೋರಿಸಿದಳು. "ಸರ್, ಆ ತಲೆಕೆರೆಯಪ್ಪನ ಕತೆ ಹೇಳ್ತೀರಂತಲ್ಲ?" ಹಿಂದಿನಿಂದ ಯಾರೋ ಆಗಲೇ ನಕ್ಕರು.

ಹೆರ್ನಾನಿ ಫೋಟೋವನ್ನು ಮೊಳೆಯಿಂದ ತೆಗೆದ. ಅಷ್ಟು ಹತ್ತಿರದಿಂದ ಅದನ್ನು ಹಿಂದೆಂದೂ ನೋಡಿರಲಿಲ್ಲ. ಅಂಗಿಯ ತುದಿಯಿಂದ ಗಾಜಿನ ಧೂಳು ಒರೆಸಿದ. ಇಲೊಯ್ಲೊದವನ ನಗು, ಕಾರ್ಡಿನ ಮೇಲೆ ಊರಿದ ತನ್ನ ಬೆರಳು, ಕಿವಿಯ ಮಟ್ಟಕ್ಕೆ ಬಂದು ನಿಂತ ರೊದೆಲ್‌ನ ಕೈ. ಆ ಕೈ ಕೂದಲನ್ನು ಮುಟ್ಟಿರಲಿಲ್ಲ. ಬೆರಳು ಕೂಡಿದ್ದವು, ಅಂಗೈ ಎದುರಿಗಿತ್ತು.

"ಇವ್ನು ತಲೆ ಕೆರ್ಕೊಳ್ತಿಲ್ಲ," ಎಂದ. ಪಾಸಿಂಗ್ ಅಕ್ಕ ಗಲ್ಲಾದಿಂದ ಎದ್ದು ನಿಂತಳು. "ಇವ್ನ ಹೆಸರು ರೊದೆಲ್. ಕಾರ್ಡ್ ಓದ್ಕೊಂಡು ಬಂದಿದ್ದ. ಓದದೇ ಇದ್ದೋನು ನಾನು. ಇಲ್ಲಿ ಕೈ ಎತ್ತಿ ಮುಖ್ಯ ತೀರ್ಪುಗಾರರನ್ನ ಕರೀತಿದ್ದಾನೆ."

ಯಾರೂ ನಗಲಿಲ್ಲ. ಹೇಗೆ ಎತ್ತಿದ್ದನೆಂದು ತೋರಿಸಲು ಹೆರ್ನಾನಿ ತನ್ನ ಬಲಗೈಯನ್ನು ಕಿವಿಯವರೆಗೆ ತಂದು ನಿಲ್ಲಿಸಿದ. ಪಾಠ ಶುರುವಾಯಿತೆಂದುಕೊಂಡು ಹನ್ನೆರಡು ಜನವೂ ಹಾಗೇ ಅರ್ಧಕ್ಕೆ ಕೈ ಎತ್ತಿ, ಮುಂದೇನು ಎಂಬಂತೆ ಅವನ ಮುಖ ನೋಡುತ್ತ ಕೂತರು.