ನಿರುಪಮಾ ಮೇಡಂ ಅವರ ಕಾಣದ ಬೇನೆ

ನಿರುಪಮಾ ದೇಸಾಯಿಯವರು ಯಾರನ್ನೂ ಓರೆಗಣ್ಣಿನಿಂದ ನೋಡಿದವರಲ್ಲ. ಪಕ್ಕದಲ್ಲಿ ನಿಂತವರತ್ತ ಕತ್ತು, ಹೆಗಲು, ಕೆಲವೊಮ್ಮೆ ಹೆಜ್ಜೆಯನ್ನೂ ತಿರುಗಿಸಿ, ಅವರನ್ನು ಪೂರ್ಣವಾಗಿ ತಮ್ಮೆದುರಿಗೆ ತಂದುಕೊಂಡ ಮೇಲೆಯೇ ಮಾತಿಗೆ ತೊಡಗುತ್ತಿದ್ದರು. ಹುಬ್ಬಳ್ಳಿಯ ನಮ್ಮ ಕಾಲೇಜಿನಲ್ಲಿ ಅವರದು ರಸಾಯನಶಾಸ್ತ್ರ, ನನ್ನದು ಕನ್ನಡ. ಆ ಗಾಂಭೀರ್ಯವನ್ನು ನಾನು ಮನೆತನದ ಬಳುವಳಿಯೆಂದುಕೊಂಡಿದ್ದೆ; ಉಳಿದವರು ಸೊಕ್ಕೆಂದರು. ನಮಸ್ಕಾರ ಮಾಡಿದವರನ್ನು ದಾಟಿ ಸುಮ್ಮನೆ ಹೋಗಿಬಿಡುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಬ್ಯಾಗಿನಿಂದ ಟಾರ್ಚು ತೆಗೆದು, ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿಯುತ್ತಿದ್ದರು.

ಅವರ ಒಬ್ಬಳೇ ಗೆಳತಿ, ಗ್ರಂಥಾಲಯದ ಮೈಮುನಾ, ದುರ್ಗದಬೈಲು ಪೇಟೆಯ ಗದ್ದಲದಲ್ಲಿ ಇವರನ್ನು ಕಂಡು ಮಗ್ಗುಲಿನಿಂದಲೇ ಕೈಬೀಸಿದ್ದರಂತೆ. ನಿರುಪಮಾ ತಿರುಗಿಯೂ ನೋಡಲಿಲ್ಲ. ಅಂದಿನಿಂದ ಮೈಮುನಾ ಮಾತು ಬಿಟ್ಟರು. ಮಧ್ಯಾಹ್ನದ ಡಬ್ಬಿಗಳು ಬೇರೆ ಬೇರೆ ಮೇಜುಗಳಲ್ಲಿ ತೆರೆದುಕೊಂಡವು.

ಕನ್ನಡಕ ಬದಲಿಸಿದ ವೈದ್ಯರಿಗೆ ಅವರ ಕಣ್ಣು ಸ್ವಚ್ಛವಾಗಿಯೇ ಕಂಡಿತ್ತು. ಆದರೆ ಪ್ರಯೋಗಾಲಯದಲ್ಲಿ ದ್ರಾವಣ ತಿಳಿಗುಲಾಬಿಗೆ ತಿರುಗುವ ಗಳಿಗೆ ಅವರಿಗೆ ಕಾಣದಾಗಿತ್ತು. ರೆಪ್ಪೆ ಮುಚ್ಚಿದರೂ ಅಂಚಿನಲ್ಲಿ ಕಿಡಿಗಳು ಮಿನುಗುತ್ತಿದ್ದವು. ಕಡೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಅಕ್ಷಿಪಟಲದ ವಿದ್ಯುತ್ ಪರೀಕ್ಷೆಯೂ ರಕ್ತಪರೀಕ್ಷೆಯೂ ನಡೆದು ರೋಗ ಪತ್ತೆಯಾಯಿತು. ಕೆಲವರಲ್ಲಿ ಇದರ ಹಿಂದೆ ಕ್ಯಾನ್ಸರ್ ಅಡಗಿರುತ್ತದೆಂದು ಮೈಯೆಲ್ಲ ಹುಡುಕಿದರು, ಇರಲಿಲ್ಲ. ಆ ವರದಿಗಳಿಗಾಗಿ ಅವರು ಒಬ್ಬರೇ ಕಾದರು. ಸ್ಟೀರಾಯ್ಡ್ ಗುಳಿಗೆಗಳಿಂದ ಮುಖ ಊದಿದಾಗ, "ಮೈ ತುಂಬಿ ಛಲೋ ಕಾಣಾಕತ್ತೀರಿ ಮೇಡಂ" ಎಂದವರಿಗೆ ಸಣ್ಣಗೆ ನಕ್ಕರು.

ಒಂದು ಸಂಜೆ ಮೆಟ್ಟಿಲಲ್ಲಿ ಎಡವಿ ಬಿದ್ದವರನ್ನು ನಾನು ಎಬ್ಬಿಸಿ ಕೂರಿಸಿದಾಗ ಎಲ್ಲವನ್ನೂ ಹೇಳಿದರು. "ಕಣ್ಣಿನ ಒಳಗ ಪರದೆ ಅದಲ್ರಿ, ಅದನ್ನ ನನ್ನ ರಕ್ತನ ಹೊರಗಿಂದು ಅಂತ ತಿಳಕೊಂಡು ಕೆಡಸಾಕತ್ತದ. ಮಗ್ಗಲಿಂದು, ಮಬ್ಬಿನ್ಯಾಗಿಂದು ಏನೂ ಕಾಣಂಗಿಲ್ಲ. ಯಾರ ಮ್ಯಾಲೆ ಸಿಟ್ಟಾಗ್ಲಿ?"

"ಮೈಮುನಾ ಅವರಿಗರೆ ಹೇಳ್ರಿ," ಎಂದೆ.

ಮನಸ್ಸು ಮಾಡಲು ಅವರಿಗೆ ತಿಂಗಳುಗಳೇ ಹಿಡಿದವು. ಕೇಶ್ವಾಪುರದ ಮೈಮುನಾ ಅವರ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಕೇಳಿ ಮುಗಿಸಿದ ಮೈಮುನಾ ಎದ್ದು ಬಂದು ನಿರುಪಮಾ ಅವರ ಎದುರಿಗೇ ಕೂತರು.

"ಇಷ್ಟು ದಿನ ಸುಳ್ಳ ಸಿಟ್ಟು ಇಟಗೊಂಡು ಕುಂತೆ. ಒಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನೀ ಕೈ ಹಿಡದು ನಡಸತಿದ್ದಿ. ಅದು ಬ್ಯಾಡಾಗಿತ್ತು ನನಗ."

ಔಷಧಕ್ಕೆ ರೋಗ ನಿಂತಿತು. ಹೋದ ದೃಷ್ಟಿ ಮರಳಲಿಲ್ಲ. ಪ್ರಯೋಗಾಲಯ ಬಿಟ್ಟು ತರಗತಿಯ ಪಾಠವನ್ನಷ್ಟೇ ಉಳಿಸಿಕೊಂಡರು. ಮೈಮುನಾ ಮತ್ತೆ ಜೊತೆಗೆ ಉಣ್ಣತೊಡಗಿದರು. ನೀರಿನ ಲೋಟವನ್ನು ಕೈಗೆ ಮುಟ್ಟಿಸುತ್ತಾರೆ, ನಿರುಪಮಾ ಏನು ಹೇಳಿದರೂ ಹೂಂ ಅನ್ನುತ್ತಾರೆ. ಮೊನ್ನೆ ನಿರುಪಮಾ ನನಗೆ ಮೆಲ್ಲಗೆ ಹೇಳಿದರು: "ಮೊದಲಿನಂಗ ಜಗಳಾ ತಗಿಯೂದು ಬಿಟ್ಟಾಳ್ರಿ ಆಕಿ."

ಹೊರಗೆ ಗುರುತಿಲ್ಲದ ಬೇನೆ ಹೊತ್ತು ಬದುಕುವವರು ನಮ್ಮ ನಡುವೆ ಅನೇಕರಿದ್ದಾರೆ. ಹೇಳದಿದ್ದಾಗ ಜನ ಅವರಿಂದ ದೂರ ಸರಿಯುತ್ತಾರೆ. ಹೇಳಿದ ಮೇಲೆ ಹತ್ತಿರ ಬರುತ್ತಾರೆ, ಆದರೆ ಅವರ ಹತ್ತಿರವಲ್ಲ, ಬೇನೆಯ ಹತ್ತಿರ. ಮೊದಲನೆಯ ಒಂಟಿತನವನ್ನು ಅವರು ಹೇಗೋ ಸಹಿಸುತ್ತಾರೆ. ಎರಡನೆಯದು ಅಕ್ಕರೆಯ ರೂಪದಲ್ಲಿ ಬರುವುದರಿಂದ, ಅದನ್ನು ಬೇಡವೆನ್ನಲೂ ಅವರಿಗೆ ಬಾಯಿ ಬರುವುದಿಲ್ಲ.