ಸ್ಕ್ರೂ ಮೇಲಿನ ಕೆಂಪು ತೊಟ್ಟು

ಲೆಕ್ಕದ ಮೇಷ್ಟ್ರಿಗೆ ರೋಬೋಟ್ ಪಾಠ ಗಂಟು ಬಿದ್ದದ್ದು ಅವರ ತಪ್ಪೇನಲ್ಲ. ಹೈಸ್ಕೂಲಿನಲ್ಲಿ ಇಂಜಿನಿಯರಿಂಗ್ ಐಚ್ಛಿಕ ವಿಷಯ ಶುರುವಾದಾಗ ಬೇರೆ ಯಾರೂ ಮುಂದೆ ಬರಲಿಲ್ಲ. ಬಡಪಾಯಿ ಸಿಕ್ಕಿದರೆಂದು ಹೆಡ್‌ಮೇಡಂ ಇವರ ತಲೆಗೆ ಕಟ್ಟಿದರು. ಕಲಿಸುವವರು ಸರಿಯಿಲ್ಲದಿದ್ದರೆ ವಿಷಯವನ್ನೇ ತೆಗೆದುಹಾಕುತ್ತೇನೆ ಎಂದೂ ಸೇರಿಸಿದರು. ನನಗೆ ಬರುವುದಿಲ್ಲ ಎಂದು ಅಂದೇ ಹೇಳಿದ್ದರೆ ಮುಗಿದಿತ್ತು. ಹೇಳಲು ನಾಚಿಕೆ. ಬೆಳಿಗ್ಗೆ ಓದಿಕೊಂಡದ್ದನ್ನು ಹುಟ್ಟಿದಾಗಿನಿಂದ ಬಲ್ಲವರಂತೆ ಮಧ್ಯಾಹ್ನ ಹೇಳುವುದು, ಮಕ್ಕಳು ಅಡ್ಡಪ್ರಶ್ನೆ ಕೇಳಿದರೆ ಅದು ಮುಂದಿನ ವರ್ಷದ ಪಾಠ ಎಂದು ತೇಲಿಸುವುದು, ಹೀಗೇ ದಿನ ತಳ್ಳಿದರು.

ಆ ತರಗತಿಯಲ್ಲಿ ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿಯೊಬ್ಬಳಿದ್ದಳು. ಬಿಳಿ ಹಾಳೆಗೆ ಅಂಟಿಸಿದ ಕಪ್ಪು ಪಟ್ಟಿಯ ಜಾಡು ಹಿಡಿದು ತಾನಾಗಿ ಓಡುವ ಪುಟ್ಟ ಗಾಡಿ ಮಾಡಿದ್ದಳು. ಅದರ ಹೊಟ್ಟೆಯಡಿ ಕಪ್ಪು ಬಿಳುಪು ಗುರುತಿಸುವ ಒಂದು ಸೆನ್ಸರ್, ಅದಕ್ಕೊಂದು ಪುಟಾಣಿ ಸ್ಕ್ರೂ. ಬೆಳಕಿಗೆ ತಕ್ಕಂತೆ ಆ ಸ್ಕ್ರೂ ತಿರುಗಿಸಿ ಹದ ಮಾಡಬೇಕು. ಅಪ್ಪ ಅಮ್ಮಂದಿರೆದುರಿನ ಪ್ರದರ್ಶನ ಮಧ್ಯಾಹ್ನ, ಕಿಟಕಿಯ ಪಕ್ಕದಲ್ಲಿ ಎಂದು ತಿಳಿದು, ಹಿಂದಿನ ದಿನವೇ ಊಟದ ಬಿಡುವಿನಲ್ಲಿ ಅಲ್ಲೇ ಕೂತು ಹದ ಹಿಡಿದಿದ್ದಳು. ಅಲುಗದಿರಲಿ ಎಂದು ಸ್ಕ್ರೂ ಮೇಲೆ ಒಂದು ತೊಟ್ಟು ಕೆಂಪು ನೇಲ್ ಪಾಲಿಶ್ ಇಟ್ಟಿದ್ದಳು. ಅವಳಮ್ಮನದು ಬ್ಯೂಟಿ ಪಾರ್ಲರ್, ಪಾಲಿಶಿಗೇನು ಬರ? ಆದರೆ ಅಮ್ಮ ಖಡಾಖಂಡಿತವಾಗಿ ಹೇಳಿದ್ದಳು: ಗಾಡಿ ಓಡಿದರೆ ಈ ವಿಷಯ ಇಟ್ಟುಕೋ, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಅಕೌಂಟ್ಸ್ ತಗೋ.

ಅದೇ ದಿನ ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ಮೇಷ್ಟ್ರು ಟ್ಯೂಬ್‌ಲೈಟ್ ಹಾಕಿ ಗಾಡಿ ಓಡಿಸಿ ನೋಡಿದರು. ಕುಡಿದವನ ಹಾಗೆ ತೂರಾಡಿತು. ಸ್ಕ್ರೂಡ್ರೈವರ್ ತಂದು, ಕೆಂಪು ಬಣ್ಣ ಕೆರೆದು, ಅತ್ತ ಇತ್ತ ತಿರುಗಿಸಿದರು. ಗಾಡಿ ನೆಟ್ಟಗೆ ಓಡಿತು. ನನಗೂ ಬರುತ್ತದಲ್ಲ ಎಂದು ಬೀಗಿಕೊಂಡು ಮನೆಗೆ ಹೋದರು. ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುವುದು ಇಂಥವರನ್ನು ನೋಡಿಯೇ.

ಮರುದಿನ ಕಿಟಕಿಯಿಂದ ಬಿಸಿಲು ಧಾರಾಳವಾಗಿ ಬಿದ್ದಿತ್ತು. ಅಪ್ಪ ಅಮ್ಮಂದಿರು ಸುತ್ತ ನಿಂತಿದ್ದರು. ಗಾಡಿ ಪಟ್ಟಿ ಬಿಟ್ಟು ಸೀದಾ ಹೋಗಿ ಹೆಡ್‌ಮೇಡಂ ಕುರ್ಚಿಗೆ ಡಿಕ್ಕಿ ಹೊಡೆಯಿತು. ಯಾರೋ ಕಿಸಕ್ಕೆಂದರು. ಏನಾಯಿತು ಎಂದು ಮೇಡಂ ಕೇಳಿದ್ದೇ ತಡ, ಮೇಷ್ಟ್ರ ನಾಲಿಗೆ ಅವರದೇ ಅಪ್ಪಣೆಗೂ ಕಾಯಲಿಲ್ಲ.

"ಸ್ಕ್ರೂ ಮುಟ್ಟಬೇಡ ಅಂತ ಎಷ್ಟು ಸಲ ಹೇಳಿದೀನಿ ಇವಳಿಗೆ. ಕೇಳಿದ್ರೆ ತಾನೆ."

ಗುಬ್ಬಿ ಗಾಡಿಯನ್ನು ಎತ್ತಿ ಮಗುಚಿದಳು. ಕೆರೆದ ಬಣ್ಣ ನೋಡಿದಳು. ಆಮೇಲೆ ಮೇಷ್ಟ್ರ ಮುಖ ನೋಡಿದಳು.

"ಹೌದು ಮೇಡಂ, ನಾನೇ ತಿರುಗಿಸಿದ್ದು."

ಅವಳಮ್ಮ ಮಗಳ ಕೈ ಹಿಡಿದು, ನಾಳೆಯಿಂದ ಇವಳನ್ನು ಅಕೌಂಟ್ಸಿಗೆ ಹಾಕಿಬಿಡಿ ಸರ್ ಎಂದು ಹೇಳಿ ಹೊರಟಳು. ಮೇಷ್ಟ್ರು ತಲೆಯಾಡಿಸಿದರು. ಹೂಂ, ತಲೆಯಾಡಿಸಿದರು! ಮಾನ ಮರ್ಯಾದೆ ಇದ್ದವರು ಮಾಡುವ ಕೆಲಸವೇ ಅದು? ಅವರಿಗೂ ಹಾಗೇ ಅನ್ನಿಸಿತು. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲ ಬಾಯಿ ಬಿಡಲಿಲ್ಲ. ಕೊನೆಗೆ ತಾಯಿ ಮಗಳ ಹಿಂದೆ ಓಡಿದರು.

ಮೆಟ್ಟಿಲ ಹತ್ತಿರ ಇಬ್ಬರನ್ನೂ ತಡೆದು, ತಿರುಗಿಸಿದ್ದು ನಾನಮ್ಮ, ಇವಳಲ್ಲ ಎಂದರು. ಯಾಕೆ ಸುಳ್ಳು ಹೇಳಿದೆ ಎಂದು ಗುಬ್ಬಿಯನ್ನು ಕೇಳಿದರು.

"ನಿಮಗೆ ಬರಲ್ಲ ಅಂತ ಗೊತ್ತಾದ್ರೆ ಕ್ಲಾಸೇ ಮುಚ್ಚಿಬಿಡ್ತಾರೆ ಸರ್," ಅಂದಳು ಹುಡುಗಿ. "ನಮಗೆಲ್ಲ ಮೊದಲಿಂದ್ಲೂ ಗೊತ್ತು. ಯಾರೂ ಹೊರಗೆ ಹೇಳಿಲ್ಲ ಅಷ್ಟೇ."

ಮಕ್ಕಳು ಇತ್ತೀಚೆಗೆ ಅಡ್ಡಪ್ರಶ್ನೆ ಕೇಳುವುದನ್ನು ಬಿಟ್ಟಿದ್ದು ತಮ್ಮ ಪಾಠ ಅರ್ಥವಾಗಿದ್ದರಿಂದ ಎಂದುಕೊಂಡಿದ್ದರು ಮೇಷ್ಟ್ರು.

"ಇದನ್ನ ನನಗಲ್ಲ ಸರ್, ಒಳಗೆ ಹೇಳಿ," ಅಂದಳು ಅಮ್ಮ.

ಹೋದರು. ಎಲ್ಲರೆದುರು ಹೇಳಿದರು. ಸ್ಕ್ರೂ ತಿರುಗಿಸಿದ್ದು ನಾನು, ನನಗೆ ಈ ವಿದ್ಯೆ ಬರುವುದಿಲ್ಲ, ಹುಡುಗಿಗೆ ಬರುತ್ತದೆ. ಗುಬ್ಬಿ ಬಂದು ಕಿಟಕಿಯ ಬಳಿ ಕುಕ್ಕರಗಾಲಲ್ಲಿ ಕೂತು ಅವರತ್ತ ಕೈ ಚಾಚಿದಳು. ಮೇಷ್ಟ್ರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದುಕೊಟ್ಟರು. ತುದಿಗೆ ಅಂಟಿದ್ದ ಕೆಂಪು ಎಲ್ಲರಿಗೂ ಕಂಡಿತು. ಅವರು ತಲೆ ಎತ್ತಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಮ್ಮ ಕೈಚೀಲ ತೆರೆದಳು.

"ನಿಧಾನಕ್ಕೆ ಹದ ಮಾಡು. ಪಾಲಿಶ್ ಇಲ್ಲೇ ಇದೆ."