ಕೆಳಗಿನ ಕಣ್ಣು

ಹೆಂಡತಿಗೆ ತಿಳಿಯದಂತೆ ಗಂಡಸರು ಮನೆಗೆ ಏನೇನೋ ತರುತ್ತಾರೆ. ದೊಡ್ಡಗಾಜನೂರಿನ ವೃಷಭೇಂದ್ರ ತರುತ್ತಿದ್ದದ್ದು ಲೆನ್ಸು. ಹಳೆಯ ಬನಿಯನ್ನಿನಲ್ಲಿ ಸುತ್ತಿ, ಚೀಲದ ತಳಕ್ಕಿಟ್ಟು, ಮೇಲೆ ಎರಡು ಎಲೆಕೋಸು ಮುಚ್ಚಿ ತರುತ್ತಿದ್ದ. ಸುತ್ತಮುತ್ತ ಹೊಲದ ತುಂಬ ಕೋಸು ಬೆಳೆಯುವ ಊರಿಗೆ ಸತ್ಯಮಂಗಲದಿಂದ ದುಡ್ಡು ಕೊಟ್ಟು ಕೋಸು ತರುವ ಗಂಡನನ್ನು ಕಂಡು ಹೆಂಡತಿಗೆ ಅನುಮಾನ ಬಾರದು ಎಂದುಕೊಂಡಿದ್ದನಲ್ಲ, ಅವನ ಜಾಣತನ ಅಷ್ಟು.

ಅವನದು ಅಗಲವಾದ ಫಿಲ್ಮ್ ಹಾಕುವ ಹಳೇ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ. ಹೊಟ್ಟೆಗೆ ಒತ್ತಿ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು. ಮುಂಭಾಗದಲ್ಲಿ ಒಂದರ ಕೆಳಗೊಂದು ಎರಡು ಗಾಜಿನ ಕಣ್ಣು. ಮೇಲಿನದು ನೋಡಲಿಕ್ಕೆ, ಕೆಳಗಿನದು ಚಿತ್ರ ಹಿಡಿಯಲಿಕ್ಕೆ. ಎರಡೂ ಒಂದೇ ಹಲಗೆಗೆ ಕೂತ ಜೋಡಿಯಾದ್ದರಿಂದ ಕೊಳ್ಳುವುದಾದರೆ ಜೋಡಿಯನ್ನೇ ಕೊಳ್ಳಬೇಕು. ಹೊಸದನ್ನು ಈಗ ಯಾರೂ ಮಾಡುವುದಿಲ್ಲ, ಯಾರೋ ಬಳಸಿ ಬಿಟ್ಟದ್ದನ್ನೇ ಹುಡುಕಬೇಕು. ಮದುವೆಯ ಹೊಸದರಲ್ಲಿ ಇದನ್ನೆಲ್ಲ ರಂಜಿತಳನ್ನು ಕೂರಿಸಿಕೊಂಡು ಹೇಳಿದ್ದ. “ಮ್ಯಾಲಿಂದು ನನ್ನ ಕಣ್ಣು. ನಮ್ಗೆ ಅನ್ನ ಕೊಡದು ಕೆಳಗಿನ ಕಣ್ಣು ಕಣ.”

ಅವಳು ಕೇಳಿ, ಆಕಳಿಸಿ, ಅಂದಿನಿಂದ ಕ್ಯಾಮೆರಾಗೆ ಸವತಿ ಎಂದು ಹೆಸರಿಟ್ಟಳು. “ಸವತಿ ಇವತ್ತು ಎಲ್ಲಿಗೆ ಒಂಟವ್ಳೆ?” “ಸವತಿಗೆ ಒದ್ಕೆ ಒದ್ಸಿದ್ರಾ?” ವರ್ಷಗಟ್ಟಲೆ ಇದನ್ನೇ ಕೇಳಿದ ಮೇಲೆ, ಇವಳಿಗೆ ಕ್ಯಾಮೆರಾ ಕಂಡರಾಗದು ಎಂದು ಅವನು ನಂಬಿದ್ದರಲ್ಲಿ ತಪ್ಪೇನಿಲ್ಲ.

ಆ ಕ್ಯಾಮೆರಾಗೆ ಈಗ ಉಳಿದಿದ್ದದ್ದು ಒಂದೇ ಕೆಲಸ. ದೀಪಾವಳಿ ಕಳೆದ ಮೇಲೆ ಗುಮಟಾಪುರದಲ್ಲಿ ಬೀರೇಶ್ವರನ ಗುಡಿಯ ಬಳಿ ಸಗಣಿ ಎರಚಾಡುತ್ತಾರಲ್ಲ, ಆಟ ಮುಗಿದ ಮೇಲೆ ಮೈಯೆಲ್ಲ ಸಗಣಿಯಾದ ಗಂಡಸರನ್ನು ಸಾಲಾಗಿ ನಿಲ್ಲಿಸಿ ಒಂದು ದೊಡ್ಡ ಫೋಟೋ ತೆಗೆಯಬೇಕು. ಅಷ್ಟು ಸಗಣಿಯೊಳಗೂ ಯಾರು ಯಾರೆಂದು ಗುರುತು ಸಿಗಬೇಕು. ಹೋದ ವರ್ಷದ ಫೋಟೋ ಮಾತ್ರ ಮಂಜು ಮುಸುಕಿದಂತೆ ಬಂತು. ಊರಿನ ಹಿರಿಯ ಮಲ್ಲಪ್ಪ ಅದನ್ನು ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿ, “ಇದ್ರಲ್ಲಿ ನಾನೆಲ್ಲಿವ್ನಿಲಾ? ಮುಂದ್ಲ ವರ್ಸನೂ ಇಂಗೇ ಬಂದ್ರೆ ಬ್ಯಾಡ ಬುಡು, ಮೊಬೈಲಲ್ಲೇ ತಕ್ಕತೀವಿ” ಎಂದುಬಿಟ್ಟಿದ್ದ. ಆ ಮಾತು ವೃಷಭೇಂದ್ರನಿಗೆ ವರ್ಷವಿಡೀ ಚುಚ್ಚಿತು.

ಆ ಫೋಟೋ ತೆಗೆದದ್ದು ಅವನು ಕೊಂಡ ಮೂರನೆಯ ಲೆನ್ಸಿನಲ್ಲಿ. ಪ್ರತಿಯೊಂದೂ ಬಂದಾಗ ತಿಳಿನೀರಿನಂತಿದ್ದು, ವರ್ಷ ತಿರುಗುವುದರೊಳಗೆ ಮಬ್ಬಾಗುತ್ತಿತ್ತು. ಮೂರನ್ನೂ ಮಾರಿದವನು ಪ್ರಕಾಶ್. ತಾಳಮಲೆಯಲ್ಲಿ ಹುಟ್ಟಿ, ಸತ್ಯಮಂಗಲದಲ್ಲಿ ಹಳೇ ಕ್ಯಾಮೆರಾಗಳ ಅಂಗಡಿ ಇಟ್ಟವನು. ಈ ಸಲ ಜಗಳವಾಡಿಯೇ ಬರುವುದೆಂದು ವೃಷಭೇಂದ್ರ ಕ್ಯಾಮೆರಾ ಹೊತ್ತು ಬೆಳಗಿನ ಬಸ್ಸಿಗೆ ಘಾಟಿ ಇಳಿದ.

“ಬೂಷ್ಟು ಇಡ್ದಿರೋ ಗಾಜ್ನ ತೊಳ್ದು ನನ್ನ ತಲೆಗೆ ಕಟ್ತಿದ್ದಿಯ ಕಣ್ಲಾ!”

“ಸಗಣಿ ಎರಚೋ ತಾವು ನಿಂತ್ಕಂಡು ಲೆನ್ಸ್ ಆಳ್ಮಾಡ್ಕ. ಆಮೇಲೆ ಬಂದು ನನ್ನ ಬಯ್ಯಿ” ಎನ್ನುತ್ತ ಪ್ರಕಾಶ್ ಲೆನ್ಸನ್ನು ಕಳಚಿ, ಟಾರ್ಚಿನ ಬೆಳಕು ಹಾಯಿಸಿದ. ಆಮೇಲೆ ಅವನ ದನಿ ಬದಲಾಯಿತು. “ಇಲ್ಲಿ ನೋಡು. ಮ್ಯಾಲಿಂದು ಚೆಂದಾಗದೆ. ಕೆಳಗಿಂದೊಂದೇ ಮಬ್ಬು. ಬೂಷ್ಟಾಗ್ಲಿ ಸಗಣಿಯಾಗ್ಲಿ ಎರಡ್ಕೂ ಇಡೀಬೇಕಲ್ವಾ? ಇವು ಗೀರು ಕಣ. ಅಡ್ಡಡ್ಡ ಗೀರು. ಯಾರೋ ಮೂರು ಬೆಳ್ಳಲ್ಲಿ ಎಳ್ದಂಗದೆ.”

ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿ ಎದುರಿಗೇ ತೂಗುತ್ತಿತ್ತು. ಅದರಲ್ಲಿ ವೃಷಭೇಂದ್ರನಿಗೆ ತನ್ನ ಹಣೆ ಕಂಡಿತು. ಹಣೆಯ ಮೇಲೆ, ಬೆಳಿಗ್ಗೆ ರಂಜಿತ ಎಳೆದು ಕಳಿಸಿದ್ದ ಮೂರು ಪಟ್ಟೆ ವಿಭೂತಿ. ತನ್ನ ಮೂರು ಬೆರಳನ್ನು ಆ ಪಟ್ಟೆಗಳ ಮೇಲಿಟ್ಟು ನೋಡಿದ.

ಪ್ರಕಾಶನೂ ಆ ಹಣೆ ನೋಡಿದ, ಗಾಜು ನೋಡಿದ, ಬಿದ್ದು ಬಿದ್ದು ನಕ್ಕ. ನಕ್ಕು ಮುಗಿಸಿ ಇನ್ನೊಂದು ಜೋಡಿ ತಂದು, ಅದರ ಕೆಳಗಿನ ಕಣ್ಣಿನ ಮುಂದೆ ತಿರುಪಿನ ಬಳೆಯಿದ್ದ ಒಂದು ಬರಿಗಾಜು ಕೂರಿಸಿದ. “ಇದು ಫಿಲ್ಟರ್ರು. ಇದ್ರ ಮ್ಯಾಲೆ ಏನ್ ಬಳುದ್ರೂ ಒಳಗಿನ ಕಣ್ಗೆ ತಗಲಕ್ಕಿಲ್ಲ.”

“ಅವಳ್ಗೆ ಬ್ಯಾಡ ಅಂದ್ಬುಟ್ರೆ ಆಯ್ತದಲ್ಲ?”

“ಅನ್ನು ಓಗು, ನೋಡಮ” ಎಂದ ಪ್ರಕಾಶ್.

ರಂಜಿತ ಇದನ್ನು ಸಿಟ್ಟಿಗೆ ಮಾಡುತ್ತಿರಬಹುದೇ ಎಂದು ಬಸ್ಸಿನಲ್ಲಿ ಒಂದು ಕೆಟ್ಟ ಯೋಚನೆ ಬಂತು. ಸವತಿ ಎನ್ನುವವಳು ತಾನೇ? ಮನೆಗೆ ಬಂದು ಕೋಸು ಕೊಟ್ಟ, ಅವಳು ಕಾಣದಂತೆ ಹೊಸ ಜೋಡಿಯನ್ನು ಕ್ಯಾಮೆರಾಗೆ ಕೂರಿಸಿ ಗೂಡಿಗಿಟ್ಟ. ಸೋಮವಾರ ಬೆಳಗ್ಗೆ ಎಚ್ಚರವಿದ್ದೂ ಕಂಬಳಿ ಹೊದ್ದು, ಅದರ ಸಂದಿಯಿಂದ ನೋಡುತ್ತ ಮಲಗಿದ್ದ.

ರಂಜಿತ ಮಿಂದು ಬಂದಳು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಹಣೆಗೆ ಹಚ್ಚಿಕೊಂಡಳು. ಒದ್ದೆ ಬೆರಳಿನಲ್ಲೇ ಗೂಡಿನಿಂದ ಕ್ಯಾಮೆರಾ ಇಳಿಸಿ, ಮುಚ್ಚಳ ತೆಗೆದು, ಕೆಳಗಿನ ಕಣ್ಣಿಗೆ ಮೂರು ಪಟ್ಟೆ ಎಳೆದಳು.

“ಸ್ವಾಮಿ, ಎಲ್ರ ಕೈಲೂ ಮೊಬೈಲ್ ಬಂದದೆ. ಇವ್ರ ಕೈಲಿರೋದ್ನ ಮಾತ್ರ ಕಿತ್ಕಬ್ಯಾಡಪ್ಪ. ಇದೋದ್ರೆ ನಮ್ಮನೆ ಮನ್ಸ ಮಂಕಾಗೋಯ್ತರೆ.”

ಕಂಬಳಿಯೊಳಗೆ ವೃಷಭೇಂದ್ರನ ಕಣ್ಣು ತುಂಬಿತು. ಅವನ ಕೆಲಸಕ್ಕೆ ಇಷ್ಟು ಮರುಗಿದವರು ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ, ಅವನು ಲೆನ್ಸು ಬಚ್ಚಿಟ್ಟದ್ದು ಅಂಥವಳಿಂದಲೇ. ಅವಳು ಒರೆಸಲೆಂದು ಸೆರಗು ಎತ್ತಿದಳು. ಅವನು ದಡಬಡನೆ ಎದ್ದು ಕೂತ.

“ಧೂಳು... ಧೂಳ ಒರಸ್ತಿದ್ದೆ” ಎಂದು ರಂಜಿತ ಕ್ಯಾಮೆರಾವನ್ನು ಬೆನ್ನ ಹಿಂದೆ ಹಿಡಿದಳು.

ಮೂರು ಲೆನ್ಸುಗಳ ಕಥೆ ಅವನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. “ಒರಸ್ಬ್ಯಾಡ ಕಣ. ಅಂಗೇ ಇರ್ಲಿ. ಗುಮಟಾಪುರದ್ಗಂಟ ಇಟ್ಕಂಡೇ ಓಯ್ತಿನಿ.”

ಅವಳ ಮುಖ ಕೆಂಪಾಯಿತು. ಆದರೆ ಸೋಲುವ ಜಾತಿಯಲ್ಲ. “ಕೋಸು ಕಂಡೇಟ್ಗೇ ಗೊತ್ತಾಯ್ತು, ಒಸ ಸವತಿ ಬಂದವ್ಳೆ ಅಂತ. ಕೋಸು ಬೇಯ್ಸಿ ಬೇಯ್ಸಿ ಸಾಕಾಗದೆ. ಮುಂದ್ಲ ಸಲ ಮಲ್ಗೆ ಊವಿನಡೀಲಿ ಬಚ್ಚಿಟ್ಕಂಡು ತನ್ನಿ.”

ಗುಮಟಾಪುರದಲ್ಲಿ ಎಲ್ಲರೂ ನಿಂತ ಮೇಲೆ ವೃಷಭೇಂದ್ರ ವಿಭೂತಿಯ ಗಾಜನ್ನು ಮೆಲ್ಲಗೆ ತಿರುಗಿಸಿ ಬಿಚ್ಚಿ, ಅಂಗಿಯ ಜೇಬಿಗೆ ಇಳಿಸಿ, ಬಗ್ಗಿ ನೋಡಿ ಒತ್ತಿದ. ಪ್ರಿಂಟಿನಲ್ಲಿ ಮಲ್ಲಪ್ಪನ ಮೀಸೆಗೆ ಅಂಟಿದ್ದ ಹುಲ್ಲಿನ ಎಸಳು ಕೂಡ ಕಾಣಿಸಿತು. ಮಲ್ಲಪ್ಪ ಮೊಬೈಲಿನ ಮಾತೆತ್ತಲಿಲ್ಲ, ಮುಂದಿನ ವರ್ಷ ತನ್ನನ್ನು ನಡುವೆ ನಿಲ್ಲಿಸಬೇಕೆಂದ.

ಆ ಪ್ರಿಂಟು ತರಲು ಸತ್ಯಮಂಗಲಕ್ಕೆ ಹೋಗಿದ್ದ ದಿನ ವೃಷಭೇಂದ್ರ ಚೀಲದ ತುಂಬ ಮಲ್ಲಿಗೆ ತಂದಿದ್ದ. ರಂಜಿತ ನಗುತ್ತಲೇ ಹೂವಿನೊಳಗೆ ಕೈ ತೂರಿಸಿ, ಚೀಲದ ತಳದವರೆಗೂ ತಡಕಾಡಿದಳು.

“ಎಲ್ಲಿ? ಏನೂ ಸಿಗ್ತಿಲ್ವಲ್ಲ!”

“ಏನೂ ಇಲ್ಲ ಕಣ” ಎಂದ ವೃಷಭೇಂದ್ರ. “ಇವತ್ತು ಬರೀ ಊವು.”